ಡೋನರ್ ಪಾಸ್ ಕೊಳ್ಳುವ ಮೊದಲು ಆಸ್ಪತ್ರೆಗೊಂದು ಫೋನ್ ಮಾಡಿ

ನಿಮ್ಮ ಅಂಗಡಿಗೋ ಮನೆಗೋ ಯಾರಾದರೂ ಬಂದು, 'ಬಡ ರೋಗಿಗಳ ಸಹಾಯಾರ್ಥ ರಸಮಂಜರಿ ಇಟ್ಟುಕೊಂಡಿದ್ದೀವಿ, ಡೋನರ್ ಪಾಸ್ ತಗೊಳ್ಳಿ ಸಾರ್' ಅಂದರೆ ತಕ್ಷಣ ದುಡ್ಡು ಕೊಡಬೇಡಿ. ಕರಪತ್ರದಲ್ಲಿ ಯಾವ ಆಸ್ಪತ್ರೆಯ ಹೆಸರಿದೆ ನೋಡಿ. ಆ ಆಸ್ಪತ್ರೆಗೆ ನೀವೇ ಫೋನ್ ಮಾಡಿ. ನಂಬರನ್ನು ಕರಪತ್ರದಿಂದ ತಗೋಬೇಡಿ, ಬೇರೆ ಕಡೆ ಹುಡುಕಿ. 'ಇಂಥ ಕ್ಲಬ್‌ನವರು ನಿಮಗೋಸ್ಕರ ಹಣ ಎತ್ತುತ್ತಿದ್ದಾರಂತೆ, ನಿಮಗೆ ಗೊತ್ತಾ? ನೀವು ಅವರ ಹತ್ತಿರ ಏನು ಕೇಳಿದ್ದೀರಿ?' ಅಂತ ವಿಚಾರಿಸಿ. ಹೋದ ವರ್ಷ ನಮ್ಮ ಕಡೆ ನಡೆದದ್ದನ್ನು ಓದಿದರೆ ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ತಿಳಿಯುತ್ತದೆ.

ನಾನು ಬೆಂಗಳೂರಿನ ವಿಜಯನಗರದ ಕಡೆ ಮೆಡಿಕಲ್ ಸ್ಟೋರ್ ನಡೆಸುತ್ತೇನೆ. ಚಂದಾ ಕೇಳಿಕೊಂಡು ಬರುವವರು ನಮಗೇನೂ ಹೊಸಬರಲ್ಲ. ಗಣೇಶೋತ್ಸವ, ರಾಜ್ಯೋತ್ಸವ, ಅಣ್ಣಮ್ಮನ ಉತ್ಸವ ಅಂತ ವರ್ಷವಿಡೀ ರಸೀದಿ ಪುಸ್ತಕ ಬರುತ್ತಲೇ ಇರುತ್ತದೆ. ಅದಕ್ಕೆ ಕೊಡುವುದು ಬೇರೆ ಮಾತು. ಪೆಂಡಾಲು ಕಣ್ಣೆದುರೇ ಏಳುತ್ತದೆ, ಹುಡುಗರೂ ನಮ್ಮ ಬೀದಿಯವರೇ. ಹೋದ ವರ್ಷ ಡೋನರ್ ಪಾಸ್ ಮಾರಲು ಬಂದ ಕ್ಲಬ್‌ನವರು ಹಾಗಲ್ಲ. ಬ್ಲೇಜರ್ ಹಾಕಿಕೊಂಡು, ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡು ಬಂದರು. ಕ್ಲಬ್‌ನ ಹೆಸರಿನ ಕೊನೆಗೆ 'ಇಂಟರ್‌ನ್ಯಾಷನಲ್' ಅಂತ ಇತ್ತು. ಲಾಂಛನ ದುಂಡಗೆ, ನೀಲಿ ಹಳದಿ ಬಣ್ಣ. ದೂರದಿಂದ ನೋಡಿದವರು ರೋಟರಿಯೋ ಲಯನ್ಸೋ ಅಂದುಕೊಳ್ಳಬೇಕು, ಹಾಗೆ ಮಾಡಿಸಿದ್ದರು. ಆ ಎರಡು ಸಂಸ್ಥೆಗಳಿಗೂ ಇವರಿಗೂ ಯಾವ ಸಂಬಂಧವೂ ಇಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಪಾಸ್ ತಗೊಂಡ ಅರ್ಧ ಜನ ಇವತ್ತಿಗೂ 'ಆ ರೋಟರಿಯವರು' ಅಂತಲೇ ಬೈಯುತ್ತಿದ್ದಾರೆ.

ಜನ ಬ್ಯಾಡ್ಜ್ ನೋಡಿ ನಂಬುವುದಕ್ಕೆ ಕಾರಣ ಇದೆ. ಬೆಂಗಳೂರಿನಲ್ಲಿ ರೋಟರಿ ಕ್ಲಬ್ ಶುರುವಾಗಿದ್ದು 1934ರಲ್ಲಿ. ಪೋಲಿಯೋ ಹನಿ ಹಾಕಿಸುವ ಭಾನುವಾರಗಳಲ್ಲಿ ಬೂತ್‌ಗಳಲ್ಲಿ ಅವರನ್ನು ನೋಡಿಯೇ ನಮ್ಮ ತಲೆಮಾರು ಬೆಳೆದದ್ದು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋ ಮುಕ್ತ ಅಂತ ಘೋಷಣೆಯಾದಾಗ ಆ ಶ್ರಮದಲ್ಲಿ ಅವರ ಪಾಲೂ ಇತ್ತು. ಲಯನ್ಸ್‌ನವರ ಕಣ್ಣಿನ ಶಿಬಿರಗಳಿಂದ ಪೊರೆ ತೆಗೆಸಿಕೊಂಡ ಅಜ್ಜ ಅಜ್ಜಿಯರು ಎಷ್ಟು ಮನೆಗಳಲ್ಲಿಲ್ಲ? ಅಷ್ಟು ವರ್ಷ ದುಡಿದು ಗಳಿಸಿದ ನಂಬಿಕೆಯನ್ನು ಒಂದು ಬ್ಯಾಡ್ಜ್ ಮಾಡಿಸಿ ಕದಿಯುವುದು ನನಗೆ ಕಳ್ಳತನಕ್ಕಿಂತ ಕೆಟ್ಟದ್ದು ಅನ್ನಿಸುತ್ತದೆ. ಈ ಎರಡೂ ಸಂಸ್ಥೆಗಳ ವೆಬ್‌ಸೈಟ್‌ನಲ್ಲಿ ಊರಿನ ಹೆಸರು ಹಾಕಿ ಕ್ಲಬ್ ಹುಡುಕಬಹುದು. ಅಲ್ಲಿ ಸಿಗದ ಕ್ಲಬ್ ಅವರದ್ದಲ್ಲ.

ನಮ್ಮಲ್ಲಿಗೆ ಬಂದ ಬ್ಲೇಜರ್‌ನವರು ಹೇಳಿದ್ದು ಡಯಾಲಿಸಿಸ್ ಯಂತ್ರದ ವಿಷಯ. ನಮ್ಮ ಕಡೆಯದೇ ಒಂದು ಟ್ರಸ್ಟ್ ಆಸ್ಪತ್ರೆಗೆ ಯಂತ್ರ ಕೊಡಿಸುತ್ತೇವೆ, ಅದಕ್ಕೆ ಹಳೆಯ ಚಿತ್ರಗೀತೆಗಳ ಸಂಜೆ. ಪಾಸ್ ಐನೂರು, ಸಾವಿರ, ಐದು ಸಾವಿರದ್ದು. ಜೊತೆಗೆ ಸ್ಮರಣ ಸಂಚಿಕೆ. ಅದರಲ್ಲಿ ಕಾಲು ಪುಟಕ್ಕೊಂದು ದರ, ಪೂರ್ತಿ ಪುಟಕ್ಕೊಂದು ದರ, ಹಿಂಬದಿ ರಕ್ಷಾಪುಟಕ್ಕಂತೂ ಕೇಳಲೇಬೇಡಿ. ನಾನು ಎರಡು ಪಾಸ್ ತಗೊಂಡು, ಅಂಗಡಿ ಹೆಸರಲ್ಲಿ ಅರ್ಧ ಪುಟದ ಜಾಹೀರಾತು ಕೊಟ್ಟೆ. ಆ ರಸೀದಿ ಈಗಲೂ ನನ್ನ ಹತ್ತಿರ ಇದೆ. ತೆಳು ಗುಲಾಬಿ ಕಾಗದ, ಮೇಲೆ ಚಿನ್ನದ ಬಣ್ಣದ ಲಾಂಛನ, ಕೆಳಗೆ ನೇರಳೆ ಶಾಯಿಯ ಸೀಲು. 'ದಾನಕ್ಕೆ 80ಜಿ ಅಡಿ ತೆರಿಗೆ ವಿನಾಯಿತಿ ಉಂಟು' ಅಂತ ದಪ್ಪ ಅಕ್ಷರದಲ್ಲಿದೆ. ಪ್ಯಾನ್ ನಂಬರ್ ಇಲ್ಲ. 80ಜಿ ಅನುಮೋದನೆಯ ಸಂಖ್ಯೆ ಇಲ್ಲ. ಸಹಿ ಇರುವ ಜಾಗದಲ್ಲಿ ಒಂದು ಗೀಟು. ಅತಿ ಸಣ್ಣ ಅಕ್ಷರದಲ್ಲಿ, ಕಾಗದದ ಅಂಚಿಗೆ, 'ಖರ್ಚು ಕಳೆದು ಉಳಿದ ಹಣವನ್ನು ಸೇವಾಕಾರ್ಯಕ್ಕೆ ಬಳಸಲಾಗುವುದು' ಅಂತ ಒಂದು ಸಾಲು. ಇಡೀ ಕಥೆ ಇರುವುದು ಆ ಸಾಲಿನಲ್ಲಿ.

ಕಾರ್ಯಕ್ರಮ ನಡೆಯಿತು. ಸಭಾಂಗಣ ತುಂಬಿತ್ತು. ಹಾಡಿಗಿಂತ ಸನ್ಮಾನವೇ ಜಾಸ್ತಿ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಗಾಜಿನ ನೆನಪಿನ ಕಾಣಿಕೆ, ಒಬ್ಬರಾದ ಮೇಲೆ ಒಬ್ಬರಿಗೆ. ಸಾಲು ಸಾಲಾಗಿ ಪ್ರಾಯೋಜಕರು ವೇದಿಕೆ ಹತ್ತಿದರು. ಕೊನೆಗೆ ಬಾಗಿಲಷ್ಟು ದೊಡ್ಡ ಥರ್ಮಾಕೋಲ್ ಚೆಕ್ ಬಂತು. ಅದರ ಮೇಲೆ ಆಸ್ಪತ್ರೆಯ ಹೆಸರು, ಆರು ಲಕ್ಷ ರೂಪಾಯಿ. ಆಸ್ಪತ್ರೆಯ ಡಾಕ್ಟರೊಬ್ಬರು ಒಂದು ತುದಿ ಹಿಡಿದುಕೊಂಡರು, ಅಧ್ಯಕ್ಷರು ಇನ್ನೊಂದು ತುದಿ. ಚಪ್ಪಾಳೆ, ಫೋಟೋ, ಆಮೇಲೆ ಊಟ. ಮರುದಿನ ಆ ಫೋಟೋ ಬಡಾವಣೆಯ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತು.

ತಿಂಗಳುಗಳು ಕಳೆದವು. ನಮ್ಮ ಅಂಗಡಿಗೆ ಬರುವ ಒಬ್ಬ ಆಂಟಿ ಇದ್ದಾರೆ. ಅವರ ಯಜಮಾನರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ದೂರದ ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋಗಿ, ನಾಲ್ಕು ಗಂಟೆ ಕೂತಿದ್ದು, ಸುಸ್ತಾದ ಮನುಷ್ಯನನ್ನು ಮತ್ತೆ ಆಟೋದಲ್ಲಿ ಕರೆತರಬೇಕು. ಅವರೂ ಐನೂರರ ಪಾಸ್ ತಗೊಂಡಿದ್ದರು. ಹಾಡು ಕೇಳುವುದಕ್ಕಲ್ಲ, ಹತ್ತಿರದ ಆಸ್ಪತ್ರೆಗೆ ಯಂತ್ರ ಬರಲಿ ಅಂತ. ಒಂದು ದಿನ ಮಾತ್ರೆ ತಗೊಳ್ಳುತ್ತಾ, 'ಆ ಮಿಷಿನ್ನು ಬಂತಾಪ್ಪಾ? ಇಲ್ಲೇ ಆದರೆ ನಡೆಸಿಕೊಂಡೇ ಹೋಗಬಹುದು' ಅಂದರು. ನಾನು ಅಲ್ಲೇ ನಿಂತು ಆಸ್ಪತ್ರೆಗೆ ಫೋನ್ ಮಾಡಿದೆ.

ಆಡಳಿತ ಕಚೇರಿಯವರು ಮೊದಲು ನಾನು ಯಾವುದರ ಬಗ್ಗೆ ಕೇಳುತ್ತಿದ್ದೇನೆ ಅಂತಲೇ ಗೊತ್ತಾಗದೆ ಗೊಂದಲಪಟ್ಟರು. ಆಮೇಲೆ ಖುದ್ದಾಗಿ ಹೋದಾಗ ಎಲ್ಲ ಬಿಡಿಸಿ ಹೇಳಿದರು. ಅವರು ಯಾರಿಗೂ ಹಣ ಎತ್ತಲು ಪತ್ರ ಕೊಟ್ಟಿರಲಿಲ್ಲ. ಆ ಡಾಕ್ಟರನ್ನು ಕರೆದದ್ದು 'ವೈದ್ಯರಿಗೆ ಸನ್ಮಾನ' ಅಂತ. ಶಾಲು ಹೊದಿಸಿ, ಆಮೇಲೆ ಥರ್ಮಾಕೋಲ್ ಹಲಗೆಯ ತುದಿ ಅವರ ಕೈಗೆ ಕೊಟ್ಟಿದ್ದಾರೆ. ವೇದಿಕೆ ಮೇಲೆ ಅಷ್ಟು ಜನರ ಎದುರು ಯಾರು ತಾನೇ ಬೇಡ ಅನ್ನುತ್ತಾರೆ? ಬಹಳ ದಿನದ ಮೇಲೆ ಅಂಚೆಯಲ್ಲಿ ಒಂದು ಚೆಕ್ ಬಂದಿತ್ತಂತೆ, ಮೂವತ್ತೈದು ಸಾವಿರದ್ದು. ಆರು ಲಕ್ಷದ ಸುದ್ದಿಯೇ ಇಲ್ಲ.

ಅವರು ಹೇಳಿದ ಇನ್ನೊಂದು ಮಾತು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. 'ನಮಗೆ ಬೇಕಾಗಿದ್ದು ಮಿಷಿನ್ ಅಲ್ಲ ಸಾರ್. ಇರೋ ಮಿಷಿನ್‌ಗಳಲ್ಲೇ ರಾತ್ರಿ ಪಾಳಿ ನಡೆಸೋಕೆ ಟೆಕ್ನಿಷಿಯನ್ ಇಲ್ಲ.' ಔಷಧಿ ವ್ಯಾಪಾರದಲ್ಲಿರುವ ನನಗೆ ಇದು ಅರ್ಥವಾಗುತ್ತದೆ. ಡಯಾಲಿಸಿಸ್ ಅಂದರೆ ಯಂತ್ರ ತಂದು ಗೋಡೆ ಪಕ್ಕ ಇಟ್ಟರೆ ಆಗುವ ಕೆಲಸ ಅಲ್ಲ. ಯಂತ್ರದೊಳಗೆ ಸಾಮಾನ್ಯವಾಗಿ ನಿಮಿಷಕ್ಕೆ ಅರ್ಧ ಲೀಟರ್‌ನಂತೆ ದ್ರಾವಣ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್ ಆಯಿತು, ಅದೂ ಒಬ್ಬ ರೋಗಿಗೆ, ಒಂದು ಸಲಕ್ಕೆ. ಕೊಳಾಯಿ ನೀರು ಅದಕ್ಕೆ ನಡೆಯುವುದಿಲ್ಲ, ನೀರು ಶುದ್ಧ ಮಾಡುವ ದೊಡ್ಡ ಆರ್‌ಒ ಘಟಕ ಬೇಕು. ರಕ್ತ ಸೋಸುವ ಡಯಲೈಸರ್, ರಕ್ತದ ಟ್ಯೂಬು, ಸೂಜಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಲ್ಲ ಪ್ರತಿ ಸಲವೂ ಲೆಕ್ಕಕ್ಕೆ ಬರುತ್ತವೆ. ಕರೆಂಟ್ ಹೋದರೆ ಜನರೇಟರ್ ಬೇಕು. ಇದನ್ನೆಲ್ಲ ನಿಭಾಯಿಸುವ ತರಬೇತಾದ ಕೈ ಬೇಕು. ನಿಜವಾಗಿ ಕೊಡುವ ಮನಸ್ಸಿದ್ದವರು ಮೊದಲು ಆಸ್ಪತ್ರೆಗೆ ಹೋಗಿ 'ನಿಮಗೆ ಏನು ಕೊರತೆ' ಅಂತ ಕೇಳುತ್ತಾರೆ. ನಮ್ಮ ಬಡಾವಣೆ ಕೊಟ್ಟ ದುಡ್ಡಿನಲ್ಲಿ ಒಬ್ಬ ಟೆಕ್ನಿಷಿಯನ್‌ಗೆ ವರ್ಷದ ಸಂಬಳ ಕೊಟ್ಟು, ಮೇಲೆ ಡಯಲೈಸರ್‌ಗಳನ್ನೂ ಕೊಡಿಸಬಹುದಿತ್ತು.

ಕ್ಲಬ್‌ನವರನ್ನು ಕೇಳಿದೆವು. ನಾನೊಬ್ಬನೇ ಅಲ್ಲ, ಜಾಹೀರಾತು ಕೊಟ್ಟ ಬೇಕರಿಯವರು, ಸ್ಟೇಷನರಿಯವರು, ಪಾಸ್ ತಗೊಂಡ ಕೆಲವು ಹಿರಿಯರು ಸೇರಿ ಹೋದೆವು. ಅಧ್ಯಕ್ಷರು, 'ನನ್ನ ಅವಧಿ ಮುಗಿದಿದೆ, ಹೊಸ ಅಧ್ಯಕ್ಷರನ್ನು ಕೇಳಿ' ಅಂದರು. ಹೊಸಬರು, 'ಅದು ಹಿಂದಿನ ಸಮಿತಿಯ ಕಾರ್ಯಕ್ರಮ' ಅಂದರು. ಖಜಾಂಚಿ ಊರಲ್ಲಿರಲಿಲ್ಲ. ಸೇವಾ ಕ್ಲಬ್‌ಗಳಲ್ಲಿ ವರ್ಷಕ್ಕೊಮ್ಮೆ ಪದಾಧಿಕಾರಿಗಳು ಬದಲಾಗುವುದು ಮಾಮೂಲಿ. ಒಳ್ಳೆಯ ಕ್ಲಬ್‌ಗಳಲ್ಲಿ ಲೆಕ್ಕದ ಪುಸ್ತಕ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಇಲ್ಲಿ ಹೋಗಿದ್ದು ಕೊರಳಿನ ಪದಕ ಮಾತ್ರ. ಜಾಸ್ತಿ ಒತ್ತಾಯ ಮಾಡಿದಾಗ ಒಂದು ಹಾಳೆ ಕೊಟ್ಟರು. ವಾದ್ಯವೃಂದ, ಸಭಾಂಗಣ, ಧ್ವನಿವರ್ಧಕ, ಊಟ, ಸಂಚಿಕೆ ಮುದ್ರಣ, ಸನ್ಮಾನ, 'ಇತರೆ'. ಎಲ್ಲ ಕಳೆದರೆ ಉಳಿದದ್ದು ಆ ಮೂವತ್ತೈದು ಸಾವಿರ. ಬಂದ ದುಡ್ಡಿನ ಒಟ್ಟು ಮೊತ್ತ ಎಷ್ಟು ಅಂತ ಹಾಳೆಯಲ್ಲಿ ಎಲ್ಲೂ ಇಲ್ಲ. 'ಇತರೆ' ಅನ್ನುವುದು ಊಟದ ಖರ್ಚಿಗಿಂತ ದೊಡ್ಡದಾಗಿತ್ತು. ಬಿಲ್ ತೋರಿಸಿ ಅಂದರೆ, 'ನಮ್ಮ ಮೇಲೆ ಅನುಮಾನಾನಾ? ನಾವು ಸಮಾಜಸೇವೆ ಮಾಡೋರು' ಅಂತ ಸಿಟ್ಟಾದರು. ಸೇವೆ ಮಾಡುವವರಿಗೆ ಲೆಕ್ಕ ಕೇಳಿದರೆ ಸಿಟ್ಟು ಯಾಕೆ ಬರಬೇಕು, ನೀವೇ ಹೇಳಿ.

ಯುಪಿಐನಲ್ಲಿ ಕೊಟ್ಟವರದ್ದು ಇನ್ನೊಂದು ಕಥೆ. ಪಾಸ್ ಮಾರಲು ಬಂದ ಹುಡುಗರ ಹತ್ತಿರ ಕ್ಯೂಆರ್ ಕೋಡ್ ಇರುವ ಕಾರ್ಡ್ ಇತ್ತು, ಮೇಲೆ ಕ್ಲಬ್‌ನ ಲಾಂಛನ. ಬೇಕರಿಯವರು ಹಳೆಯ ಸ್ಕ್ರೀನ್‌ಶಾಟ್ ತೆಗೆದು ನೋಡಿದರೆ ದುಡ್ಡು ಹೋಗಿದ್ದು ಒಬ್ಬ ವ್ಯಕ್ತಿಯ ಖಾತೆಗೆ. ಸ್ಕ್ಯಾನ್ ಮಾಡಿದ ಕೂಡಲೇ ಖಾತೆಯ ಹೆಸರು ತೆರೆಯ ಮೇಲೆ ಬರುತ್ತದೆ. ಅಲ್ಲಿ ಸಂಸ್ಥೆಯ ಹೆಸರು ಕಾಣಿಸದೆ ಯಾರದೋ ಸ್ವಂತ ಹೆಸರು ಕಂಡರೆ ಪಿನ್ ಒತ್ತಬೇಡಿ. 'ಖಜಾಂಚಿಯವರದ್ದೇ ಸಾರ್' ಅಂದರೂ ಒತ್ತಬೇಡಿ.

ತೆರಿಗೆ ವಿಷಯ ನಮ್ಮ ಆಡಿಟರ್ ಹತ್ತಿರ ಹೋದಾಗ ಸ್ಪಷ್ಟವಾಯಿತು. ರಸೀದಿಯ ಮೇಲೆ 80ಜಿ ಅಂತ ಅಚ್ಚು ಹಾಕಿಸಿದರೆ ವಿನಾಯಿತಿ ಸಿಗುವುದಿಲ್ಲ. ಅನುಮೋದನೆ ಇರುವ ಸಂಸ್ಥೆ ವರ್ಷ ಮುಗಿದ ಮೇಲೆ ಮೇ 31ರೊಳಗೆ ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ನಮಗೆ ಫಾರಂ 10ಬಿಇ ಅನ್ನುವ ಪ್ರಮಾಣಪತ್ರ ಕೊಡಬೇಕು. ಅದಿಲ್ಲದೆ ಕ್ಲೇಮ್ ಮಾಡುವ ಹಾಗಿಲ್ಲ. ನಗದಿನಲ್ಲಿ 2000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಆ ದಾನಕ್ಕೆ ವಿನಾಯಿತಿಯೇ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ 80ಜಿ ಲಾಭ ಮೊದಲೇ ಇಲ್ಲ. ಸಂಚಿಕೆಗೆ ಕೊಟ್ಟ ಜಾಹೀರಾತು ಅಂಗಡಿಯ ಪ್ರಚಾರದ ಖರ್ಚು, ದಾನ ಅಲ್ಲ. ನಮ್ಮ ಬಡಾವಣೆಯ ನಿವೃತ್ತರೊಬ್ಬರು ಐದು ಸಾವಿರವನ್ನು ನೋಟಿನಲ್ಲೇ ಎಣಿಸಿ ಕೊಟ್ಟಿದ್ದರು, ವಿನಾಯಿತಿ ಸಿಗುತ್ತದೆ ಅನ್ನುವ ಮಾತು ನಂಬಿ.

ಕ್ಲಬ್ ಸಂಘವಾಗಿ ನೋಂದಣಿ ಆಗಿದೆ. ಪಾಸ್ ಮಾರುವಾಗ ಅದನ್ನೇ ಫ್ರೇಮ್ ಹಾಕಿಸಿ ತೋರಿಸುತ್ತಿದ್ದರು. ಆದರೆ ನೋಂದಣಿ ಪತ್ರ ಹುಟ್ಟಿದ ದಿನ ಹೇಳುತ್ತದೆ, ನಡತೆ ಹೇಳುವುದಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಪ್ರತಿ ವರ್ಷ ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ಎಲ್ಲ ಸಂಘಗಳ ನೋಂದಣಾಧಿಕಾರಿಗೆ ಹೋಗಬೇಕು. ಸಹಕಾರ ಇಲಾಖೆಯ ಕೆಳಗೆ ಬರುವ ಕಚೇರಿ ಅದು. ಅಲ್ಲಿ ಶುಲ್ಕ ಕಟ್ಟಿ ಕಡತದ ಪ್ರತಿ ತೆಗೆಸಿದೆವು. ಶುರುವಿನ ವರ್ಷ ಬಿಟ್ಟರೆ ಲೆಕ್ಕವೇ ಸಲ್ಲಿಕೆಯಾಗಿಲ್ಲ. ಪೊಲೀಸ್ ಠಾಣೆಯಲ್ಲಿ ದೂರು ತೆಗೆದುಕೊಂಡು ಸ್ವೀಕೃತಿ ಕೊಟ್ಟರು, 'ಕಾರ್ಯಕ್ರಮ ನಡೆದಿದೆಯಲ್ಲ, ಹಣ ಕೊಟ್ಟವರೇ ಕೂತು ನೋಡಿದ್ದಾರಲ್ಲ, ಸಿವಿಲ್ ವಿಷಯ ಆಗಬಹುದು' ಅಂದರು. ಇದೇ ಇವರ ಜಾಣತನ. ಪೂರ್ತಿ ಮೋಸ ಮಾಡಿಲ್ಲ. ಹಾಡು ಹಾಡಿಸಿದ್ದಾರೆ, ಊಟ ಹಾಕಿದ್ದಾರೆ, ಒಂದು ಚೆಕ್ಕನ್ನೂ ಕಳಿಸಿದ್ದಾರೆ. ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ.

ಅದಕ್ಕೇ ದುಡ್ಡು ಕೈಬಿಡುವ ಮೊದಲೇ ಕೇಳಬೇಕು. ಇವತ್ತು ನಮ್ಮ ಅಂಗಡಿಗೆ ಯಾರೇ ಬಂದರೂ ಆಸ್ಪತ್ರೆ ಅಥವಾ ಶಾಲೆ ತನ್ನ ಲೆಟರ್‌ಹೆಡ್‌ನಲ್ಲಿ ಕೊಟ್ಟ ಪತ್ರ ತೋರಿಸಿ ಅನ್ನುತ್ತೇನೆ. ಸಾವಿರದ ಪಾಸ್‌ನಲ್ಲಿ ಎಷ್ಟು ಕಾರ್ಯಕ್ರಮಕ್ಕೆ, ಎಷ್ಟು ರೋಗಿಗೆ ಅಂತ ಕೇಳುತ್ತೇನೆ. ಹೋದ ವರ್ಷದ ಲೆಕ್ಕ ಕೇಳುತ್ತೇನೆ. ಇತ್ತೀಚೆಗೆ ಒಂದು ಹಳೆಯ ಕ್ಲಬ್‌ನ ಹೆಂಗಸರು ಶಾಲಾ ಮಕ್ಕಳ ಕನ್ನಡಕಕ್ಕೆ ಅಂತ ಬಂದಿದ್ದರು. ಕೇಳಿದ ಕೂಡಲೇ ಮೊಬೈಲ್‌ನಲ್ಲೇ ಎಲ್ಲ ತೆರೆದು ತೋರಿಸಿದರು. ಸಭಾಂಗಣದ ಬಾಡಿಗೆಯನ್ನು ಸದಸ್ಯರೇ ಹಾಕಿಕೊಂಡಿದ್ದರು. ಶಾಲೆಯ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿದರೆ, 'ಹೌದು, ಮಕ್ಕಳ ಕಣ್ಣು ಪರೀಕ್ಷೆ ಆಗಲೇ ಮುಗಿದಿದೆ' ಅಂದರು. ಖುಷಿಯಾಗಿ ಕೊಟ್ಟೆ. ಯಾವುದೂ ತಲೆನೋವು ಬೇಡ ಅನ್ನುವವರು ಪಾಸ್ ಬಿಟ್ಟು, ನೇರ ಆಸ್ಪತ್ರೆಯ ಕೌಂಟರ್‌ನಲ್ಲಿ ಬಡ ರೋಗಿಯೊಬ್ಬರ ಡಯಾಲಿಸಿಸ್‌ನ ಹಣ ಕಟ್ಟಿ, ರಸೀದಿ ತಗೊಳ್ಳಿ.

ವಾಟ್ಸಾಪ್‌ನಲ್ಲಿ ಕಾಯಿಲೆ ಮಗುವಿನ ಫೋಟೋ, ಕೆಳಗೆ ಕ್ಯೂಆರ್ ಕೋಡ್ ಬರುತ್ತದಲ್ಲ, ಅದಕ್ಕೂ ಇದೇ ಮಾತು. ಅಲ್ಲಿ ಮೋಸ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದರೆ ದುಡ್ಡನ್ನು ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಇರುತ್ತದೆ.

ಈಗ ಇದನ್ನು ಬರೆಯುವುದಕ್ಕೆ ಕಾರಣ, ಅದೇ ಜನ ಮತ್ತೆ ಹೊರಟಿದ್ದಾರೆ. ಈ ಸಲ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಹೆಸರಲ್ಲಿ, ಬೇರೆ ಬಣ್ಣದ ಲಾಂಛನದಲ್ಲಿ. ಕರಪತ್ರದಲ್ಲಿ ಆಸ್ಪತ್ರೆಯ ಹೆಸರೇ ಇಲ್ಲ, 'ಪ್ರತಿಷ್ಠಿತ ಆಸ್ಪತ್ರೆ' ಅಂತ ಮಾತ್ರ ಇದೆ. ನಾವು ನೋಂದಣಾಧಿಕಾರಿಗೆ ಅರ್ಜಿ ಸಿದ್ಧ ಮಾಡುತ್ತಿದ್ದೇವೆ. ಸಂಘದ ಮೂರನೇ ಒಂದು ಭಾಗದಷ್ಟು ಸದಸ್ಯರು ಕೇಳಿದರೆ ನೋಂದಣಾಧಿಕಾರಿ ವಿಚಾರಣೆ ಮಾಡಲೇಬೇಕು. ದಾನಿಗಳಿಗೆ ಆ ಹಕ್ಕು ಇಲ್ಲ, ಆದರೆ ಅಧಿಕಾರಿ ತಾವಾಗಿಯೇ ವಿಚಾರಣೆಗೆ ತೆಗೆದುಕೊಳ್ಳಬಹುದು. ಸಹಿ ಹೆಚ್ಚಿದ್ದಷ್ಟೂ ಅರ್ಜಿಗೆ ತೂಕ. ವಿಜಯನಗರ, ಗೋವಿಂದರಾಜನಗರ, ಆರ್‌ಪಿಸಿ ಲೇಔಟ್ ಕಡೆ ಹೋದ ವರ್ಷ ಪಾಸ್ ತಗೊಂಡವರು ಗುಲಾಬಿ ರಸೀದಿಯನ್ನೋ ಯುಪಿಐ ಸ್ಕ್ರೀನ್‌ಶಾಟನ್ನೋ ಹುಡುಕಿ ಇಟ್ಟುಕೊಳ್ಳಿ. ನಮ್ಮ ಅಂಗಡಿಯಲ್ಲೂ ಬೇಕರಿಯಲ್ಲೂ ಅರ್ಜಿ ಇದೆ, ಬಂದು ಸಹಿ ಹಾಕಿ. ಕ್ಲಬ್‌ನ ಸದಸ್ಯರಲ್ಲಿ ಯಾರಿಗಾದರೂ ಲೆಕ್ಕ ಕೇಳುವ ಮನಸ್ಸಿದ್ದರೆ ಅವರೂ ಬರಲಿ, ಅವರ ಒಂದು ಸಹಿ ನಮ್ಮ ಹತ್ತು ಸಹಿಗೆ ಸಮ.