ಅವ್ವನ ಆರು ಸೀರೆ, ಒಂದು ಕೌದಿ

ಬಾಗಲಕೋಟೆಯ ನವನಗರದಲ್ಲಿ ಮನೆಯ ಕಟ್ಟೆಯ ಮೇಲೆ ಕೂತು ಕೌದಿ ಹೊಲಿದುಕೊಡುವ ಒಬ್ಬ ಹೆಣ್ಣುಮಗಳ ಕೈಕೆಲಸದ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಅಂಗಡಿ ಇಲ್ಲ, ಬೋರ್ಡು ಇಲ್ಲ. ಬಟ್ಟೆ ನಮ್ಮದು, ಸೂಜಿ ದಾರ ಅವರದು. ಇಬ್ಬರು ಹೊದೆಯುವಷ್ಟು ದೊಡ್ಡ ಕೌದಿಗೆ ನನ್ನಿಂದ 1,800 ರೂಪಾಯಿ ತೆಗೆದುಕೊಂಡರು. ಇಪ್ಪತ್ತು ದಿನ ಎಂದಿದ್ದರು, ಮೂವತ್ತೆರಡು ದಿನವಾಯಿತು. ಆ ಕೌದಿ ಕೈಗೆ ಬಂದಾಗ ತಡವಾದದ್ದು ಮನಸ್ಸಿನಲ್ಲಿ ಉಳಿಯಲಿಲ್ಲ.

ಇದಕ್ಕೆಲ್ಲ ಮೂಲ ಅಲಬಾಮಾ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಶಾಲೆಯ ರಸಪ್ರಶ್ನೆಗೆ ಅಮೆರಿಕದ ದಕ್ಷಿಣದ ಒಂದು ರಾಜ್ಯದ ಬಗ್ಗೆ ಪ್ರಶ್ನೆ ತೆಗೆಯುವ ಕೆಲಸ ನನಗೆ ಬಂತು. ಕಾರಿನ ಗಾಜು ಒರೆಸುವ ವೈಪರ್‌ಗೆ 1903ರಲ್ಲಿ ಪೇಟೆಂಟ್ ಪಡೆದ ಮೇರಿ ಆಂಡರ್ಸನ್ ಅಲಬಾಮಾದವರು. ಅಲ್ಲಿಯ ಎಂಟರ್‌ಪ್ರೈಸ್ ಎಂಬ ಊರಿನಲ್ಲಿ ಹತ್ತಿ ಕಾಯಿ ಕೊರೆಯುವ ಮೂತಿಹುಳುವಿಗೆ 1919ರಲ್ಲಿ ಸ್ಮಾರಕ ನಿಲ್ಲಿಸಿದ್ದಾರೆ. ಹುಳು ಹತ್ತಿಯನ್ನು ತಿಂದು ಹಾಕಿದ ಮೇಲೆ ರೈತರು ಶೇಂಗಾ ಬಿತ್ತಿ ಬದುಕಿಕೊಂಡರು, ಆ ಕೃತಜ್ಞತೆಗೆ. ಹತ್ತಿ ಹೊಲದಿಂದ ಬರುವ ನಮ್ಮ ಮಕ್ಕಳು ಇದನ್ನು ಎರಡೆರಡು ಸಲ ಹೇಳಿಸಿಕೊಂಡರು.

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಆನ್ ಹಾಡ್ಜಸ್ ಕಥೆ. 1954ರ ನವೆಂಬರ್ 30ರಂದು ಸಿಲಕಾಗಾ ಊರಿನ ಹತ್ತಿರ ಆಕೆ ಹಗಲಿನಲ್ಲಿ ಸೋಫಾದ ಮೇಲೆ ಕೌದಿ ಹೊದ್ದು ಮಲಗಿದ್ದರು. ಸುಮಾರು 4 ಕಿಲೋ ತೂಕದ ಉಲ್ಕಾಶಿಲೆ ಸೂರನ್ನು ಒಡೆದು, ರೇಡಿಯೋಕ್ಕೆ ಬಡಿದು, ಪುಟಿದು ಅವರಿಗೆ ತಾಗಿತು. ದೊಡ್ಡ ಬಾವು ಬಂತು, ಜೀವ ಉಳಿಯಿತು. "ಟೀಚರ್, ಕೌದಿ ದಪ್ಪ ಇತ್ತೇನು?" ಎಂದು ಒಂಬತ್ತನೆಯ ತರಗತಿಯ ಹುಡುಗಿ ಕೇಳಿದಳು. ಉತ್ತರ ಹುಡುಕಲು ಅಲಬಾಮಾದ ಕೌದಿಗಳ ಬಗ್ಗೆ ಓದಲು ಕೂತೆ. ಹಾಗೆ ಜೀಸ್ ಬೆಂಡ್ ಸಿಕ್ಕಿತು.

ಅಲಬಾಮಾ ನದಿ ಮೂರು ಕಡೆ ಸುತ್ತುವರಿದ ಊರು ಅದು. ಹತ್ತಿ ತೋಟಗಳಲ್ಲಿ ಗುಲಾಮರಾಗಿ ದುಡಿದವರ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದಾರೆ. ಬಹಳ ಮನೆಗಳ ಅಡ್ಡಹೆಸರು ಪೆಟ್‌ವೇ, ಅದು ತೋಟದ ಧಣಿಯ ಹೆಸರು. ಕಪ್ಪು ಜನ ನದಿ ದಾಟಿ ಕ್ಯಾಮ್ಡೆನ್‌ಗೆ ಹೋಗಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೊರಟಾಗ, 1962ರಲ್ಲಿ ಬಿಳಿಯ ಅಧಿಕಾರಿಗಳು ದೋಣಿಯನ್ನೇ ನಿಲ್ಲಿಸಿಬಿಟ್ಟರು. ಅದು ಮತ್ತೆ ಶುರುವಾದದ್ದು 2006ರಲ್ಲಿ. ಅದೇ ವರ್ಷ ಆ ಊರಿನ ಹತ್ತು ಕೌದಿಗಳು ಅಮೆರಿಕದ ಅಂಚೆಚೀಟಿಯ ಮೇಲೆ ಬಂದವು.

ಮಿಸೌರಿ ಪೆಟ್‌ವೇ ಎಂಬ ಹೆಂಗಸು 1942ರಲ್ಲಿ, ತೀರಿಹೋದ ಗಂಡನ ದುಡಿಮೆಯ ಬಟ್ಟೆಗಳನ್ನು ಹರಿದು ಜೋಡಿಸಿ ಕೌದಿ ಮಾಡಿದಳು. ಅದರ ಚಿತ್ರದಲ್ಲಿ ಮಾಸಿದ ನೀಲಿ ಪ್ಯಾಂಟಿನ ಕಾಲುಗಳು ಉದ್ದುದ್ದ ನಿಂತಿವೆ. ನಾನು ಅದನ್ನು ಬಹಳ ಹೊತ್ತು ನೋಡಿದೆ. 1960ರ ದಶಕದಲ್ಲಿ ಮಿಲ್ಲರ್ಸ್ ಫೆರಿಯಲ್ಲಿ ಅಣೆಕಟ್ಟೆಯ ಕೆಲಸ ಶುರುವಾಗಿ, ಕೊನೆಗೆ ಆ ಊರಿನ ಒಳ್ಳೆಯ ಹೊಲಗಳು ನೀರಿನಡಿ ಹೋದವು ಎಂದು ಓದಿದಾಗ ಎದ್ದು ಹೋಗಿ ಅವ್ವನ ಟ್ರಂಕು ತೆಗೆದೆ.

ನಮ್ಮದು ಹಳೇ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರಿಗೆ ಮನೆ ಹೋಯಿತು. ನವನಗರಕ್ಕೆ ಬರುವಾಗ ಅವ್ವ ತಂದದ್ದು ಪಾತ್ರೆಪಗಡೆ, ಈ ಟ್ರಂಕು. ಅದರಲ್ಲಿ ಆರು ಸೀರೆ: ನಾಲ್ಕು ಇಳಕಲ್, ಎರಡು ದಿನಬಳಕೆಯ ನೂಲಿನವು. ಅವ್ವ ತೀರಿಕೊಂಡು ಏಳು ವರ್ಷವಾದರೂ ಅವುಗಳನ್ನು ಉಡಲೂ ಆಗಿರಲಿಲ್ಲ, ಕೊಡಲೂ ಆಗಿರಲಿಲ್ಲ.

ಅವನ್ನೇ ನವನಗರದ ಆ ಹೆಣ್ಣುಮಗಳಿಗೆ ಕೌದಿ ಹೊಲಿಯಲು ಕೊಟ್ಟೆ. ಅವರ ಕೆಲಸದ ಬಗ್ಗೆ ಹೇಳುತ್ತೇನೆ. ಕೌದಿ ನಾಲ್ಕು ಪದರಿನದು, ಮೆತ್ತಗಿದೆ, ಭಾರವಿಲ್ಲ. ಒಂದು ಗೇಣಿನಲ್ಲಿ ಹೊಲಿಗೆ ಎಣಿಸಿದೆ, ಇಪ್ಪತ್ತಾರು. ಎಲ್ಲಿಯೂ ದಾರ ಸಡಿಲವಿಲ್ಲ, ಗಂಟು ಮೇಲೆ ಕಾಣುವುದಿಲ್ಲ. ಸಾಲುಗಳು ಅಂಚಿನಿಂದ ಶುರುವಾಗಿ ಚೌಕದೊಳಗೆ ಚೌಕವಾಗಿ ನಡುವಿಗೆ ಬರುತ್ತವೆ. ಜೀಸ್ ಬೆಂಡಿನ ಹೆಂಗಸರಲ್ಲಿಯೂ ಹೀಗೆ ಚೌಕದೊಳಗೆ ಚೌಕ ಜೋಡಿಸುವ ಮಾದರಿಯೊಂದಿದೆ, ಅದರ ಹೆಸರು 'ಹೌಸ್‌ಟಾಪ್'. ನಮ್ಮ ಮಾತಿನಲ್ಲಿ ಮಾಳಿಗೆ. ನನ್ನ ಕೌದಿಯ ನಟ್ಟನಡುವೆ ಅವ್ವನ ಹಳದಿ ಸೀರೆಯ ಒಂದು ತುಂಡು ಬಂದಿದೆ. ಮುಳುಗಿದ ಮನೆಯ ಮಾಳಿಗೆಯಲ್ಲಿ ಒಲೆಯ ನೇರಕ್ಕೆ ಇದ್ದ ಬೆಳಕಿಂಡಿಯ ಹಾಗೆಯೇ ಇದೆ. ಇದನ್ನು ಹೊಲಿದವರಿಗೆ ನಾನು ಹೇಳಿಕೊಟ್ಟಿರಲಿಲ್ಲ.

ಕೊನೆಯ ಮೂಲೆ ಮುಚ್ಚುವ ದಿನ ನನ್ನನ್ನು ಕರೆದರು. ಬೆರಳಿನಷ್ಟು ಜೋಳದ ರೊಟ್ಟಿಯ ಚೂರನ್ನು ಪದರಿನೊಳಗೆ ಇಟ್ಟು, "ಅಕ್ಕೋರೆ, ಹಸಿದ ಕೌದಿಯನ್ನು ಮನೆಗೆ ಕಳಿಸಬಾರದು" ಎಂದು ಹೊಲಿದು ಮುಚ್ಚಿದರು. ನನಗೆ ಮಾತು ಬರಲಿಲ್ಲ.

ಒಂದು ಕೊರತೆ ಇದೆ, ಹೇಳಲೇಬೇಕು. ಮೊದಲ ಒಗೆತದಲ್ಲಿ ಸೆರಗಿನ ಕೆಂಪು ಬಣ್ಣ ಬಿಟ್ಟು ಹಳದಿಯ ಅಂಚಿಗೆ ಹತ್ತಿತು. ಬಟ್ಟೆ ಕೊಡುವವರೇ ಮೊದಲು ನೆನೆಸಿ ತರಬೇಕು ಎಂದು ಆಮೇಲೆ ಹೇಳಿದರು. ಇದನ್ನು ಬಟ್ಟೆ ತೆಗೆದುಕೊಳ್ಳುವಾಗಲೇ ಹೇಳಬೇಕಿತ್ತು. ನೀವು ಕೊಡುವುದಾದರೆ ಕೆಂಪು ಸೀರೆಗಳನ್ನು ನೀರಿನಲ್ಲಿ ಒಂದು ರಾತ್ರಿ ಇಟ್ಟು, ಬಣ್ಣ ಬಿಡುವುದು ನಿಲ್ಲುವವರೆಗೆ ಜಾಲಾಡಿ ಕೊಡಿ. ರೇಷ್ಮೆ, ಪಾಲಿಯೆಸ್ಟರ್ ಕೊಡಬೇಡಿ, ಸೂಜಿ ಜಾರುತ್ತದೆ ಎಂದು ಅವರು ತೆಗೆದುಕೊಳ್ಳುವುದಿಲ್ಲ. ಮಳೆ ಬಿದ್ದ ಮೇಲೆ ಕಳೆ ತೆಗೆಯಲು ಹೊಲಕ್ಕೆ ಹೋಗುತ್ತಾರೆ, ಆಗ ಕೌದಿ ಹಿಡಿಯುವುದಿಲ್ಲ.

ಅಪ್ಪನ ಮೂರು ಧೋತರ, ಒಂದು ರುಮಾಲು ಉಳಿದಿವೆ. ಶೀಗೆ ಹುಣ್ಣಿಮೆ ಮುಗಿಯಲಿ, ತನ್ನಿರಿ ಎಂದಿದ್ದಾರೆ.