ಕೆಂಚನ ಕೊರಳಿಗೆ ನಾಲ್ಕು, ಚರ್ಮದೊಳಗೆ ಒಂದು

ಹೋದ ದೀಪಾವಳಿಯ ರಾತ್ರಿ ಎಂಟೂವರೆ. ಎದುರು ಮನೆಯವರು ಕಜ್ಜಾಯ ಕೊಡಲು ಬಂದರು, ಗೇಟು ಅರ್ಧ ತೆಗೆದಿತ್ತು. ಅದೇ ಹೊತ್ತಿಗೆ ಪಕ್ಕದ ರಸ್ತೆಯಲ್ಲಿ ಸರಪಟಾಕಿ ಹಚ್ಚಿದರು. ನಮ್ಮ ನಾಯಿ ಕೆಂಚ ನನ್ನ ಕಾಲಿನ ಸಂದಿಯಲ್ಲಿ ನುಗ್ಗಿ ಓಡಿದವನು ಬೆಂಗಳೂರಿನ ಹನುಮಂತನಗರದ ಇಳಿಜಾರಿನಲ್ಲಿ ಮಾಯವಾದ. ಕಜ್ಜಾಯದ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಎರಡು ಕ್ರಾಸ್ ಓಡಿದೆ, ಪ್ರಯೋಜನ ಆಗಲಿಲ್ಲ.

ತಮಾಷೆ ಏನೆಂದರೆ, ಆ ಹೊತ್ತಿಗೆ ನಾಯಿ ಕಳೆದರೆ ಹುಡುಕುವ ಸಾಮಾನು ನಮ್ಮ ಮನೆಯಲ್ಲಿ ಒಂದು ಅಂಗಡಿಯಷ್ಟು ಇತ್ತು. ಎರಡು ವರ್ಷದಿಂದ ಒಂದೊಂದೇ ತಂದು ನೋಡುತ್ತಿದ್ದೆ. ಜಿಪಿಎಸ್ ಕಾಲರ್ ಅಡುಗೆಮನೆಯ ಪ್ಲಗ್ಗಿನಲ್ಲಿ ಚಾರ್ಜ್ ಆಗುತ್ತಿತ್ತು. ಏರ್‌ಟ್ಯಾಗ್ ಅನ್ನುವ ಆಪಲ್ ಕಂಪನಿಯ ಪತ್ತೆಬಿಲ್ಲೆ ಇದ್ದ ಎದೆಪಟ್ಟಿ (ಹಾರ್ನೆಸ್) ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಕ್ಯೂಆರ್ ಬಿಲ್ಲೆಯನ್ನು ಹಿಂದಿನ ವಾರವೇ ಅವನು ಗೇಟಿಗೆ ಉಜ್ಜಿ ಉಜ್ಜಿ ಕೆರೆದುಬಿಟ್ಟಿದ್ದ. ಮೈಮೇಲೆ ಉಳಿದಿದ್ದು ಎರಡೇ: ಕುತ್ತಿಗೆಯಲ್ಲಿ 120 ರೂಪಾಯಿಯ ಹಿತ್ತಾಳೆ ಬಿಲ್ಲೆ, ಚರ್ಮದ ಕೆಳಗೆ ಗುರುತಿನ ನಂಬರ್ ಇರುವ ಮೈಕ್ರೋಚಿಪ್.

ಹತ್ತೂಕಾಲಿಗೆ ಫೋನ್ ಬಂತು. ಶ್ರೀನಗರ ಬಸ್ ಸ್ಟ್ಯಾಂಡ್ ಹತ್ತಿರದ ಹಾಲಿನ ಬೂತಿನವರು. 'ಸಾರ್, ನಿಮ್ ನಾಯಿ ಕ್ರೇಟ್ ಸಂದೀಲಿ ಕೂತಿದೆ, ಹೊರಗೆ ಬರ್ತಿಲ್ಲ. ಕತ್ತಲ್ಲಿ ನಂಬರ್ ಓದೋಕೆ ಟಾರ್ಚ್ ಹಾಕ್ಬೇಕಾಯ್ತು.' ಅವನನ್ನು ಮನೆಗೆ ತಂದದ್ದು ಹಿತ್ತಾಳೆ ಬಿಲ್ಲೆ.

ಹಾಗಂತ ಬಿಲ್ಲೆಯೇ ಗೆದ್ದಿತು ಅಂತ ಈ ಲೇಖನ ಇಲ್ಲಿಗೇ ಮುಗಿಸಿದರೆ ಅನ್ಯಾಯ. ಬಿಲ್ಲೆಯ ಕಥೆ ಚಿಕ್ಕದು. ಅವೆನ್ಯೂ ರಸ್ತೆಯಲ್ಲಿ ನೇಮ್‌ಪ್ಲೇಟು, ರಬ್ಬರ್ ಸ್ಟ್ಯಾಂಪು ಮಾಡುವ ಅಂಗಡಿಯಲ್ಲಿ ಕೆತ್ತಿಸಿದ್ದು. ಒಂದು ಕಡೆ ನನ್ನ ನಂಬರ್, ಇನ್ನೊಂದು ಕಡೆ ಹೆಂಡತಿಯದು. ನಾಯಿಯ ಹೆಸರು ಬೇಡ ಅಂದೆ, ಜಾಗ ಸಾಲದು. ಅಂಕಿಗಳನ್ನು ಮಾತ್ರ ದೊಡ್ಡದಾಗಿ, ಆಳವಾಗಿ ಕೆತ್ತಿಸಿ. ಪ್ರಿಂಟ್ ಮಾಡಿದ್ದು ಆರು ತಿಂಗಳಿಗೆ ಅಳಿಸಿಹೋಗುತ್ತದೆ. ಓದಲು ಆ್ಯಪ್ ಬೇಡ, ಕರೆಂಟು ಬೇಡ. ಕಾಲರ್ ಕಳಚಿದರೆ ಮಾತ್ರ ಕಥೆ ಮುಗಿಯಿತು. ಬೇಕಂತಲೇ ಬಿಚ್ಚಿ ಎಸೆಯುವವರಿಗಂತೂ ಅರ್ಧ ನಿಮಿಷದ ಕೆಲಸ.

ಕ್ಯೂಆರ್ ಬಿಲ್ಲೆಗೆ 399 ರೂಪಾಯಿ ಕೊಟ್ಟೆ. ಸ್ಕ್ಯಾನ್ ಮಾಡಿದರೆ ಕೆಂಚನ ಫೋಟೋ, ಲಸಿಕೆ ವಿವರ, ನನ್ನ ನಂಬರ್ ಇರುವ ಪುಟ ತೆರೆಯುತ್ತದೆ. ನೋಡಲು ಚೆಂದ. ಸೊಪ್ಪಿನ ಅಜ್ಜಿಯ ಗಾಡಿಯಲ್ಲೂ ಕ್ಯೂಆರ್ ಇರುವ ಊರು ಇದು, ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡೆ. ಪಾರ್ಕಿನಲ್ಲಿ ಗುರುತಿಲ್ಲದ ಒಬ್ಬರಿಗೆ ತೋರಿಸಿದರೆ ಅವರು ಪೇಮೆಂಟ್ ಆ್ಯಪ್ ತೆಗೆದು ಸ್ಕ್ಯಾನ್ ಮಾಡಿದರು. 'ಇನ್‌ವ್ಯಾಲಿಡ್ ಅಂತಿದೆ, ದುಡ್ಡು ಯಾರಿಗೆ ಹೋಗುತ್ತೆ?' ಅಂತ ಕೇಳಿದರು. ಜೊತೆಗೆ, ನಾಯಿ ನಿಂತರೆ ತಾನೇ ಸ್ಕ್ಯಾನ್ ಆಗೋದು?

ಏರ್‌ಟ್ಯಾಗ್ ವಿಷಯದಲ್ಲಿ ಜನರಿಗೆ ಇರುವ ತಪ್ಪು ಕಲ್ಪನೆ ನನಗೂ ಇತ್ತು. ಅದರಲ್ಲಿ ಜಿಪಿಎಸ್ ಇಲ್ಲ. ಅದು ಸುಮ್ನೆ ಬ್ಲೂಟೂತ್‌ನಲ್ಲಿ ಕೂಗುತ್ತಿರುತ್ತದೆ. ಹತ್ತಿರದಲ್ಲಿ ಹಾದುಹೋಗುವ ಯಾರದೋ ಐಫೋನ್ ಅದನ್ನು ಕೇಳಿಸಿಕೊಂಡು ಜಾಗವನ್ನು ನಮಗೆ ತಿಳಿಸುತ್ತದೆ. ನನ್ನ ತಮ್ಮನ ಕೈಗೆ ಕೆಂಚನನ್ನು ಕೊಟ್ಟು, ಎಲ್ಲಿಗಾದರೂ ಕರೆದುಕೊಂಡು ಹೋಗು, ನನಗೆ ಹೇಳಬೇಡ ಅಂದೆ. ಸಂಜೆ ಗಾಂಧಿ ಬಜಾರಿನಲ್ಲಿ ಎರಡು ಮೂರು ನಿಮಿಷಕ್ಕೊಮ್ಮೆ ಜಾಗ ಬದಲಾಗುತ್ತಿತ್ತು, ಹೂವಿನ ಸಾಲಿನಿಂದ ಹಣ್ಣಿನ ಸಾಲಿಗೆ ಹೋದದ್ದೂ ಗೊತ್ತಾಯಿತು. ಮರುದಿನ ಬೆಳಗ್ಗೆ ಐದೂವರೆಗೆ ಕೆಂಪಾಂಬುಧಿ ಕೆರೆಯ ಕಡೆ ಹೋದಾಗ ಮಾತ್ರ ಮ್ಯಾಪಿನಲ್ಲಿ ನಲವತ್ತು ನಿಮಿಷ ನಮ್ಮ ಮನೆಯ ಬಾಗಿಲಲ್ಲೇ ನಿಂತಿದ್ದ! ಬೆಳಗಿನ ಜಾವ ಐಫೋನ್ ಹಿಡಿದು ಕೆರೆ ಸುತ್ತುವವರು ಎಷ್ಟು ಜನ ಇರುತ್ತಾರೆ? ಇನ್ನೊಂದು ವಿಷಯ: ಒಳಗಿರುವುದು ಸಿಆರ್2032 ಬಟನ್ ಸೆಲ್ಲು. ಕಚ್ಚುವ ಚಟದ ನಾಯಿ ಅದನ್ನು ನುಂಗಿದರೆ ಅನ್ನನಾಳ ಸುಟ್ಟುಹೋಗಬಹುದು. ಮರಿಗಂತೂ ಕಟ್ಟಲೇಬೇಡಿ.

ಜಿಪಿಎಸ್ ಕಾಲರ್ ನಿಜವಾಗಿ ಹುಡುಕುತ್ತದೆ. ಉಪಗ್ರಹದಿಂದ ಜಾಗ ತಿಳಿದುಕೊಂಡು ಒಳಗಿನ ಸಿಮ್ ಮೂಲಕ ಕಳಿಸುತ್ತದೆ. ಮದ್ದೂರಿನ ಹತ್ತಿರ ಅತ್ತೆಯ ತೋಟದಲ್ಲಿ ಕೆಂಚ ಕಬ್ಬಿನ ಗದ್ದೆಗೆ ನುಗ್ಗಿದಾಗ ಯಾವ ಬದುವಿನ ಹತ್ತಿರ ಇದ್ದಾನೆ ಅಂತ ಗೊತ್ತಾಯಿತು. ಆದರೆ ನಾನು ಕೊಂಡಾಗ ಆರು ಸಾವಿರ ಬೆಲೆ, ಮೇಲೆ ಸಿಮ್ ರೀಚಾರ್ಜು, ಎರಡು ದಿನಕ್ಕೊಮ್ಮೆ ಚಾರ್ಜು. ನಮ್ಮ ಬೀದಿಯ ಒತ್ತೊತ್ತು ಮನೆಗಳ ನಡುವೆ ಅದು ನಾಯಿಯನ್ನು ಪಕ್ಕದ ಕ್ರಾಸಿನಲ್ಲಿ ತೋರಿಸುವುದೂ ಉಂಟು. ಬೆಕ್ಕಿಗೆ ಕಟ್ಟಿದರೆ ತಲೆ ಎತ್ತಲಿಕ್ಕೇ ಆಗುವುದಿಲ್ಲ.

ದೀಪಾವಳಿಯ ರಾತ್ರಿ ಹೊಳೆದದ್ದು ಇದು: ನಮ್ಮ ನಾಯಿ ಕಳೆದುಹೋದದ್ದು ವಾಕಿಂಗಿನಲ್ಲಲ್ಲ, ಮನೆಯಿಂದ. ಮನೆಗೆ ಬಂದ ಕೂಡಲೇ ಬಿಚ್ಚಿಡುವ ಸಾಮಾನು ಎಷ್ಟು ಬುದ್ಧಿವಂತ ಆದರೇನು?

ಇನ್ನು ಮೈಕ್ರೋಚಿಪ್. ಬಿಚ್ಚಲಾಗದ್ದು ಅದೊಂದೇ. 2021ರಲ್ಲಿ ಹಾಕಿಸಿದೆ, 1,200 ರೂಪಾಯಿ. ಅಕ್ಕಿ ಕಾಳಿನ ಹಾಗೆ ಕಾಣುತ್ತದೆ, ಸುಮಾರು 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ, ಮೇಲೆ ಗಾಜಿನ ಕವಚ. ಹೆಗಲಿನ ಎರಡು ಮೂಳೆಗಳ ನಡುವೆ ಚರ್ಮ ಎತ್ತಿ ಹಿಡಿದು ಚುಚ್ಚಿದರು. ಲಸಿಕೆಯ ಸೂಜಿಗಿಂತ ಬಹಳ ದಪ್ಪ ಸೂಜಿ, ನೋಡಿ ನಾನೇ ಬೆವರಿದೆ. ಕೆಂಚ ಒಂದು ಸಲ 'ಕುಂಯ್' ಅಂದ, ಆಮೇಲೆ ಮಾರಿ ಬಿಸ್ಕತ್ತಿನ ಕಡೆ ತಿರುಗಿದ.

ಇವತ್ತಿಗೂ ನೆರೆಯವರು ಕೇಳುತ್ತಾರೆ, 'ಚಿಪ್ ಇದ್ಯಲ್ಲ, ಮೊಬೈಲಲ್ಲಿ ಎಲ್ಲಿದಾನೆ ಅಂತ ತೋರ್ಸಲ್ವಾ?' ತೋರಿಸಲ್ಲ. ಅದರಲ್ಲಿ ಬ್ಯಾಟರಿಯೇ ಇಲ್ಲ. ಸ್ಕ್ಯಾನರನ್ನು ಮೈಗೆ ಹತ್ತಿರ ತಂದಾಗ ಅದರ ಅಲೆಯಿಂದಲೇ ಶಕ್ತಿ ಪಡೆದು 15 ಅಂಕಿಯ ಒಂದು ನಂಬರ್ ಹೇಳುತ್ತದೆ. ಅಷ್ಟೇ. ಸುಸ್ತಾಗುವ ಬ್ಯಾಟರಿ ಇಲ್ಲದ್ದರಿಂದ ನಾಯಿಯ ಆಯುಷ್ಯಪೂರ್ತಿ ಬಾಳುತ್ತದೆ. ಮೊದಲ ಮೂರು ಅಂಕಿ ದೇಶದ ಕೋಡ್ ಇರಬಹುದು, ಇಲ್ಲವೇ ತಯಾರಕರದು. ಕೆಂಚನದು 9ರಿಂದ ಶುರು, ಅಂದರೆ ತಯಾರಕರದು. ಹಾಕಿಸುವಾಗ 134.2 ಕಿಲೋಹರ್ಟ್ಸ್‌ನ ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡದ) ಚಿಪ್ ತಾನೇ ಅಂತ ಕೇಳಿ. ಬೇರೆ ಫ್ರೀಕ್ವೆನ್ಸಿಯದ್ದು ಹಾಕಿದರೆ ಕೆಲವು ಸ್ಕ್ಯಾನರ್ ಓದುವುದೇ ಇಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿದೆ. ಕಾಲರ್ ಬಿಚ್ಚಿ, 'ದಾರಿಯಲ್ಲಿ ಸಿಕ್ಕಿತು, ಯಾರ ನಾಯಿ ನೋಡ್ತೀರಾ' ಅಂತ ಸುಳ್ಳು ಹೇಳಿಕೊಂಡು ಮೂರು ಕ್ಲಿನಿಕ್ ಸುತ್ತಿದೆ. ಕೆಂಚ ಪ್ರತಿ ಕಡೆಯೂ ನನ್ನ ಮಂಡಿಗೆ ತಲೆ ಒರಗಿಸಿ ಬಾಲ ಬಡಿಯುತ್ತಿದ್ದ, ಸುಳ್ಳು ಯಾರೂ ನಂಬಿರಲಾರರು. ಮೊದಲನೇ ಕಡೆ ಸ್ಕ್ಯಾನರೇ ಇರಲಿಲ್ಲ. ಎರಡನೇ ಕಡೆ ಡ್ರಾಯರಿನಲ್ಲಿ ಇತ್ತು, ಸೆಲ್ ಸತ್ತಿತ್ತು. ಮೂರನೇ ಡಾಕ್ಟರಮ್ಮ ಹೆಗಲ ಮೇಲೆ ಆಡಿಸಿದರು, ಸದ್ದಿಲ್ಲ. ನನ್ನ ಎದೆ ಧಸಕ್ ಅಂತು. ಅವರು ಅವಸರ ಮಾಡದೆ ನಿಧಾನಕ್ಕೆ ಎಡಗಾಲಿನ ಮೇಲ್ಭಾಗಕ್ಕೆ ಇಳಿಸಿದರು, ಬೀಪ್! ಚಿಪ್ ವರ್ಷಗಳಲ್ಲಿ ಜಾರಿತ್ತು. ಹೀಗಾಗುವುದು ಉಂಟಂತೆ, ಅದಕ್ಕೇ ಬೆನ್ನು, ಎದೆ, ಕಾಲು ಎಲ್ಲಾ ಕಡೆ ಆಡಿಸಿ ನೋಡಬೇಕು ಅಂದರು.

ನಂಬರ್ ಸಿಕ್ಕಿತು. ಯಾರಿಗೆ ಫೋನ್ ಮಾಡುವುದು? ಚಿಪ್ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ಬಂದದ್ದು ನನ್ನ ಹೆಸರಲ್ಲ, ಚಿಪ್ ಹಾಕಿದ ಕ್ಲಿನಿಕ್ಕಿನ ಹೆಸರು, ಅವರ ಹಳೇ ಲ್ಯಾಂಡ್‌ಲೈನ್. ನಾನು ಅಂದು ತುಂಬಿಕೊಟ್ಟ ಫಾರಂ ನಾಲ್ಕು ವರ್ಷದಿಂದ ಅವರ ಫೈಲಿನಲ್ಲೇ ಮಲಗಿತ್ತು. ದುಡ್ಡು ಕೊಟ್ಟು, ಚುಚ್ಚಿಸಿ, ನಿಶ್ಚಿಂತೆಯಿಂದ ಇದ್ದೆನಲ್ಲ ಅಂತ ಸಿಟ್ಟು ಬಂತು, ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಅತ್ತೆ ಮನೆಯ ಹಸುವಿನ ಕಿವಿಯಲ್ಲಿ ಹಳದಿ ಬಿಲ್ಲೆ ಇದೆ, 12 ಅಂಕಿಯ ಪಶು ಆಧಾರ್, ವಿವರ ಸರ್ಕಾರದ ದಾಖಲೆಯಲ್ಲಿ ಇರುತ್ತದೆ. ಬೆಂಗಳೂರಿನ ಕೆಂಚನಿಗೆ ಆ ಭಾಗ್ಯ ಇಲ್ಲ.

ಇಷ್ಟೆಲ್ಲಾ ಆದರೂ ನಾನು ಚಿಪ್ ಬೇಡ ಅನ್ನುವವನಲ್ಲ. ಕೆಂಚ ಊರ ನಾಯಿ, ಕಂದು ಬಣ್ಣ, ಕಾಲರ್ ಇಲ್ಲದಿದ್ದರೆ ಬೀದಿಯ ಹತ್ತು ನಾಯಿಗಳಲ್ಲಿ ಹನ್ನೊಂದನೆಯವನು. ಬೀದಿ ನಾಯಿಯ ಕಿವಿ ತುದಿ ಕತ್ತರಿಸುವುದು ಸಂತಾನಹರಣ ಆಗಿದೆ ಅನ್ನುವುದಕ್ಕೆ ಗುರುತು, ಯಾರ ಮನೆಯದು ಅನ್ನುವುದಕ್ಕಲ್ಲ. ನಾಳೆ ಯಾರಾದರೂ ಇವನು ನಮ್ಮವನು ಅಂತ ಜಗಳಕ್ಕೆ ಬಂದರೆ ನನ್ನ ಕೈಯಲ್ಲಿರುವ ಗಟ್ಟಿ ಸಾಕ್ಷಿ ಆ 15 ಅಂಕಿ.

ನಮ್ಮ ಬೆಕ್ಕು ಚುಕ್ಕಿಗಂತೂ ಬೇರೆ ದಾರಿಯೇ ಇಲ್ಲ. ಅವಳಿಗೆ ಹಾಕಿದ್ದು ಎಳೆದರೆ ಬಿಚ್ಚಿಕೊಳ್ಳುವ ಕಾಲರ್. ಕೊಂಬೆಗೆ ಸಿಕ್ಕಿ ಕತ್ತು ಬಿಗಿಯಬಾರದು ಅಂತ ಹಾಗೇ ಮಾಡಿರುತ್ತಾರೆ. ಮೂರು ತಿಂಗಳಲ್ಲಿ ಮೂರು ಕಾಲರ್ ಪಕ್ಕದ ಮನೆಯ ಸೀಬೆ ಮರಕ್ಕೆ ಅರ್ಪಣೆ ಆದವು. ಹೋದ ತಿಂಗಳು ಅವಳಿಗೂ ಚಿಪ್ ಹಾಕಿಸಿದೆ.

ವಿದೇಶಕ್ಕೆ ಕರೆದುಕೊಂಡು ಹೋಗುವ ಯೋಚನೆ ಇರುವವರಿಗೆ ಹೋಲಿಕೆಯೇ ಬೇಕಿಲ್ಲ, ಚಿಪ್ ಕಡ್ಡಾಯ ಇರುವ ದೇಶಗಳು ಜಾಸ್ತಿ. ಅಣ್ಣನ ಮಗಳು ಬೆಕ್ಕನ್ನು ಜರ್ಮನಿಗೆ ಒಯ್ಯುವಾಗ ಎಡವಿದ್ದು ಕ್ರಮದಲ್ಲಿ. ಮೊದಲು ಚಿಪ್, ಆಮೇಲೆ ರೇಬಿಸ್ ಲಸಿಕೆ. ಅವಳು ಉಲ್ಟಾ ಮಾಡಿದ್ದರಿಂದ ಹಳೆಯ ಲಸಿಕೆ ಲೆಕ್ಕಕ್ಕೆ ಬರಲಿಲ್ಲ. ಮತ್ತೆ ಲಸಿಕೆ, ಕನಿಷ್ಠ 30 ದಿನ ಬಿಟ್ಟು ರಕ್ತಪರೀಕ್ಷೆ, ರಕ್ತ ಕೊಟ್ಟ ಮೇಲೆ ಮೂರು ತಿಂಗಳು ಕಾಯುವುದು. ಅವಳು ಮೊದಲು ಹೋದಳು, ಬೆಕ್ಕು ನಾಲ್ಕು ತಿಂಗಳು ನಮ್ಮ ಸೋಫಾದ ಮೇಲೆ ಇತ್ತು.

ಈಗ ಕೆಂಚನ ಕೊರಳಲ್ಲಿ ಹಿತ್ತಾಳೆ ಬಿಲ್ಲೆ ಹಗಲೂ ರಾತ್ರಿ ಇರುತ್ತದೆ. ಜಿಪಿಎಸ್ ಕಾಲರ್ ಮದ್ದೂರಿಗೆ ಹೊರಟಾಗ ಮಾತ್ರ. ಏರ್‌ಟ್ಯಾಗ್ ಸ್ಕೂಟರಿನ ಡಿಕ್ಕಿಗೆ ಹೋಯಿತು. ಚಿಪ್ಪಿನ ದಾಖಲೆಯಲ್ಲಿ ನನ್ನ ಹೆಸರು ಬರಲು ಮೂರು ಇಮೇಲ್, ಎರಡು ಫೋನ್ ಬೇಕಾದವು. ವರ್ಷದ ಲಸಿಕೆಗೆ ಹೋದಾಗ ಸ್ಕ್ಯಾನರ್ ಆಡಿಸಿ ನೋಡಿ ಅಂತ ಡಾಕ್ಟರಮ್ಮನಿಗೆ ಹೇಳಿದ್ದೇನೆ. ಮೊನ್ನೆ ಆಡಿಸಿದರು. ಎಡಗಾಲಿನ ಹತ್ತಿರವೇ ಬೀಪ್ ಅಂತು, ಕೆಂಚ ಸ್ಕ್ಯಾನರನ್ನು ಒಂದು ಸಲ ಮೂಸಿ ಬಿಸ್ಕತ್ತಿನ ಡಬ್ಬಿಯ ಕಡೆ ನೋಡಿದ.