ಸ್ಪೀಕರ್ ಡಬ್ಬಕ್ಕೆ ವೆನೀರ್: ಬಿಳಿ ಅಂಟೋ, ರಬ್ಬರ್ ಅಂಟೋ?

ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಡಬ್ಬ ರೆಡಿ, ಮೇಲೆ ಅಂಟಿಸುವ ಅರ್ಧ ಮಿಲಿಮೀಟರ್ ವೆನೀರೂ (ತೆಳು ಮರದ ಹಾಳೆ) ಬಂದಿದೆ ಅಂದ್ರೆ ಇನ್ನು ಅಂಟಿನ ಪ್ರಶ್ನೆ ಅಲ್ವಾ?

ಖರ್ಚಿನಲ್ಲಿ ಬಿಳಿ ಫೆವಿಕಾಲ್ ಅಗ್ಗ, ವಾಸನೆಯೂ ಕಡಿಮೆ. ಎರಡೂ ಮೈಗೆ ಹಚ್ಚಿ, ಒಣಗಲು ಬಿಟ್ಟು, ಆಮೇಲೆ ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಕೂರಿಸಬೇಕು. ನೀರಿನಂಶಕ್ಕೆ ವೆನೀರ್ ಸುರುಳಿಯಾಗುತ್ತದೆ, ಬಿಸಿಗೆ ಕುಗ್ಗಿ ಜೋಡಣೆಯಲ್ಲಿ ಸಂದು ಬಿಡಬಹುದು. ಆದರೆ ಗುಳ್ಳೆ ಎದ್ದರೆ ಬಟ್ಟೆ ಹಾಸಿ ಮತ್ತೆ ಇಸ್ತ್ರಿ ಮಾಡಿದರೆ ಸಾಮಾನ್ಯವಾಗಿ ಕೂರುತ್ತದೆ. ನನಗೆ ಇದೇ ದೊಡ್ಡ ಲಾಭ.

ರಬ್ಬರ್ ಅಂಟಿನ (ಎರಡೂ ಮೈಗೆ ಹಚ್ಚಿ, ಒಣಗಿದ ಮೇಲೆ ಜೋಡಿಸುವ ಕಾಂಟ್ಯಾಕ್ಟ್ ಅಂಟು) ಕೆಲಸ ಬೇಗ ಮುಗಿಯುತ್ತದೆ. ಮುಟ್ಟಿದ ಕ್ಷಣ ಹಿಡಿಯುವುದರಿಂದ ಸರಿಸಲು ಆಗುವುದಿಲ್ಲ, ಅದಕ್ಕೇ ನಡುವೆ ಕಡ್ಡಿಗಳನ್ನಿಟ್ಟು ಒಂದೊಂದಾಗಿ ಎಳೆಯುತ್ತಾ ಕೂರಿಸುತ್ತಾರೆ. ಆವಿಗೆ ಬೆಂಕಿ ಹತ್ತುತ್ತದೆ, ಕಿಟಕಿ ತೆರೆದಿಡಿ. ಬರೀ ಮರದ ವೆನೀರ್ ಮೇಲೆ ಲ್ಯಾಕರ್ (ಒಂದು ಬಗೆಯ ಪಾಲಿಶ್) ಹೊಡೆದರೆ ಅದರಲ್ಲಿನ ಥಿನ್ನರ್ ಒಳಗಿಳಿದು ಗುಳ್ಳೆ ಏಳಬಹುದು; ವೆನೀರಿನ ಹಿಂಬದಿಗೆ ಕಾಗದ ಅಂಟಿಸಿದ್ದರೆ (ಕಾಗದದ ಬೆನ್ನು) ಆ ಭಯ ಕಡಿಮೆ.

ಚಪ್ಪಟೆ ಬದಿ, ಬರೀ ಮರದ ವೆನೀರ್, ಜಾಸ್ತಿ ಸಮಯ ಇದ್ದರೆ ಬಿಳಿ ಅಂಟು. ದುಂಡು ಮೂಲೆ, ಕಾಗದದ ಬೆನ್ನಿನ ಹಾಳೆ ಇದ್ದರೆ ರಬ್ಬರ್. ಹಳೇ ಡಬ್ಬದ ಅಂಚು ಮಾತ್ರ ಎದ್ದಿದ್ದರೆ ಧೂಳು ತೆಗೆದು, ಸಿರಿಂಜಿನಲ್ಲಿ ಬಿಳಿ ಅಂಟು ಬಿಟ್ಟು, ಮೇಣದ ಕಾಗದ ಇಟ್ಟು, ರಾತ್ರಿಯಿಡೀ ಕ್ಲ್ಯಾಂಪ್ ಹಾಕಿ.